ಮೆರಿಲ್ ಕ್ಯಾಮೆರಾ ಕೈಯಲ್ಲಿದೆ, ಚಿತ್ರ ಯಾಕೆ ಬರುತ್ತಿಲ್ಲ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಸಿಗ್ಮಾ ಕಂಪನಿಯ ಡಿಪಿ ಮೆರಿಲ್ ಕ್ಯಾಮೆರಾಗಳ ಸುತ್ತಲೇ ಇವೆ. 2012–13ರಲ್ಲಿ ಬಂದ ಡಿಪಿ1, ಡಿಪಿ2, ಡಿಪಿ3 ಮೆರಿಲ್ ಈಗ ತಯಾರಾಗುತ್ತಿಲ್ಲ. ಸೆಕೆಂಡ್‌ಹ್ಯಾಂಡ್‌ನಲ್ಲಿ ಮಾತ್ರ ಕೈಯಿಂದ ಕೈಗೆ ಹೋಗುತ್ತಿವೆ. ಮೂರರಲ್ಲೂ ಸೆನ್ಸರ್ ಒಂದೇ, ಬೇರೆಯಾಗಿರುವುದು ಲೆನ್ಸ್: ಡಿಪಿ1ಕ್ಕೆ 19 ಮಿ.ಮೀ., ಡಿಪಿ2ಕ್ಕೆ 30, ಡಿಪಿ3ಕ್ಕೆ 50. ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕಕ್ಕೆ 28, 45 ಮತ್ತು 75 ಮಿ.ಮೀ. ಎಲ್ಲವೂ ಎಫ್/2.8. ಜೂಮ್ ಇಲ್ಲ, ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ಒಳಗೆ ಫ್ಲಾಶ್ ಇಲ್ಲ, ವ್ಯೂಫೈಂಡರೂ ಇಲ್ಲ.

ಡಿಪಿ2 ಮೆರಿಲ್ ಕೊಂಡು ಹಳೇಬೀಡಿನಲ್ಲಿ ದಿನವಿಡೀ ಚಿತ್ರ ತೆಗೆದೆ. ಸೆನ್ಸರ್ ಬಗ್ಗೆ ಅಷ್ಟೆಲ್ಲ ಓದಿದ್ದೆ, ಆದರೆ ಶಿಲ್ಪಗಳ ಚಿತ್ರ ನನ್ನ ಫೋನಿನದ್ದಕ್ಕಿಂತ ಚೆನ್ನಾಗೇನೂ ಕಾಣುತ್ತಿಲ್ಲ. ಕ್ಯಾಮೆರಾ ಕೆಟ್ಟಿದೆಯೇ?
– ಹಾಸನದ ಓದುಗರು

ನೀವು ಕಳಿಸಿದ ನಾಲ್ಕು ಚಿತ್ರಗಳೂ ಜೆಪೆಗ್. ಶಟರ್ ವೇಗ 1/40, ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/11, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ. ಕ್ಯಾಮೆರಾ ಸರಿಯಾಗಿಯೇ ಇದೆ, ಸರಿಪಡಿಸಬೇಕಾದ್ದು ಈ ಸೆಟಿಂಗ್‌ಗಳನ್ನು.

ಮೊದಲು ಜೆಪೆಗ್ ಬಿಡಿ. ಕ್ಯಾಮೆರಾ ಒಳಗೇ ತಯಾರಾಗುವ ಜೆಪೆಗ್‌ನಲ್ಲಿ ಸೆನ್ಸರ್ ಹಿಡಿದ ಸೂಕ್ಷ್ಮ ವಿವರದ ದೊಡ್ಡ ಪಾಲು ಹೋಗಿಬಿಡುತ್ತದೆ. ಮೆನುವಿನಲ್ಲಿ ಕ್ವಾಲಿಟಿಯನ್ನು ರಾ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಬಗೆ) ಮಾಡಿ. ಆಗ ಎಕ್ಸ್3ಎಫ್ ಎಂಬ ಫೈಲ್ ಸಿಗುತ್ತದೆ, ಒಂದೊಂದೂ 45ರಿಂದ 50 ಎಂಬಿ. 32 ಜಿಬಿ ಕಾರ್ಡಿನಲ್ಲಿ ಆರುನೂರರ ಆಸುಪಾಸು ಹಿಡಿಯುತ್ತದೆ.

ಎರಡನೆಯದು ಅಪರ್ಚರ್. ಕಲ್ಲಿನ ವಿವರಕ್ಕೆ ಹೆಚ್ಚು ಮುಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆ ಹಲವರಲ್ಲಿದೆ. ಈ ಸೆನ್ಸರಿನ ಒಂದು ಪಿಕ್ಸೆಲ್ ಅಗಲ ಸುಮಾರು 5 ಮೈಕ್ರೋಮೀಟರ್. ಎಫ್/5.6ರಲ್ಲಿ ಬೆಳಕಿನ ಒಂದು ಚುಕ್ಕೆ ಡಿಫ್ರಾಕ್ಷನ್‌ನಿಂದ (ಚಿಕ್ಕ ಕಿಂಡಿ ದಾಟುವಾಗ ಬೆಳಕು ಬಾಗುವುದರಿಂದ) ಹರಡಿಕೊಳ್ಳುವುದು 7.5 ಮೈಕ್ರೋಮೀಟರಿನಷ್ಟು, ಅಂದರೆ ಒಂದೂವರೆ ಪಿಕ್ಸೆಲ್. ಎಫ್/11ಕ್ಕೆ ಹೋದರೆ ಅದು ಹತ್ತಿರ ಹತ್ತಿರ 15, ಮೂರು ಪಿಕ್ಸೆಲ್ ಅಗಲ. ಬೇರೆ ಕ್ಯಾಮೆರಾಗಳಲ್ಲಿ ಇಷ್ಟು ವ್ಯತ್ಯಾಸ ಕಣ್ಣಿಗೆ ಬೀಳದಿರಬಹುದು, ಇದರಲ್ಲಿ ಎದ್ದು ಕಾಣುತ್ತದೆ. ಎಫ್/4ರಿಂದ ಎಫ್/5.6ರ ನಡುವೆ ಇರಿ. ಎಫ್/8 ತನಕ ಹೋಗಬಹುದು, ಅದರಾಚೆ ನಿಜಕ್ಕೂ ಅಗತ್ಯ ಬಿದ್ದರೆ ಮಾತ್ರ.

ಹಾಗಾದರೆ ಶಿಲ್ಪದ ಆಳ ಫೋಕಸ್ಸಿನಲ್ಲಿ ಹಿಡಿಯುತ್ತದೆಯೇ? ಡಿಪಿ2ರಲ್ಲಿ ಒಂದೂವರೆ ಮೀಟರ್ ದೂರದಿಂದ ಎಫ್/5.6ರಲ್ಲಿ ತೆಗೆದರೆ, ಬಿಗಿ ಲೆಕ್ಕದಲ್ಲೂ 1.37 ಮೀಟರಿನಿಂದ 1.65 ಮೀಟರ್ ವರೆಗೆ ಚೂಪಾಗಿರುತ್ತದೆ. ಇಪ್ಪತ್ತೆಂಟು ಸೆಂಟಿಮೀಟರ್ ಆಳ ಸಿಕ್ಕಿತು. ಹೊರಗೋಡೆಯ ಆನೆ, ಕುದುರೆ ಸಾಲುಗಳಿಗೆ ಧಾರಾಳ ಸಾಕು. ಮೈದುಂಬಿ ಹೊರಬಂದ ಮೂರ್ತಿಯಾದರೆ ಮುಖಕ್ಕೆ ಫೋಕಸ್ ಮಾಡಿ, ಬೆನ್ನಿನ ಪ್ರಭಾವಳಿ ಒಂದಿಷ್ಟು ಮೃದುವಾದರೂ ನಷ್ಟವಿಲ್ಲ.

ಮೂರನೆಯದು ಅಲುಗಾಟ, ನಿಮ್ಮ ಚಿತ್ರಗಳ ನಿಜವಾದ ಶತ್ರು ಇದೇ. 45 ಮಿ.ಮೀ. ನೋಟಕ್ಕೆ 1/45 ಸಾಕು ಎಂಬ ಹಳೆಯ ಸೂತ್ರ ಇಲ್ಲಿ ನಡೆಯುವುದಿಲ್ಲ, ಒಂದೊಂದು ಪಿಕ್ಸೆಲ್ಲೂ ಚೂಪಾಗಿರುವಾಗ ಅರ್ಧ ಪಿಕ್ಸೆಲ್ಲಿನ ನಡುಕವೂ ಕಾಣುತ್ತದೆ. ಕೈಯಲ್ಲಿ ಹಿಡಿದಾಗ ಡಿಪಿ2ಕ್ಕೆ 1/125, ಡಿಪಿ3ಕ್ಕೆ 1/200ಕ್ಕಿಂತ ಕೆಳಗಿಳಿಯಬೇಡಿ. ತೆರೆದ ನೆರಳಿನಲ್ಲಿ ಐಎಸ್‌ಒ 100, ಎಫ್/5.6 ಇಟ್ಟರೆ ಸಾಮಾನ್ಯವಾಗಿ 1/60ರಿಂದ 1/125 ಸಿಗುತ್ತದೆ, ಅಂದರೆ ಅಂಚಿನ ಮೇಲಿದ್ದೀರಿ. ಎಫ್/4ಕ್ಕೆ ಇಳಿಯಿರಿ ಅಥವಾ ಐಎಸ್‌ಒ 200 ಮಾಡಿ. ನವರಂಗದ ಒಳಗೆ ಒಂದೆರಡು ಸೆಕೆಂಡ್ ಬೇಕಾಗುತ್ತದೆ, ಅಲ್ಲಿ ಟ್ರೈಪಾಡ್ ಇಲ್ಲದೆ ಆಗದು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಬಾಗಿಲಲ್ಲಿ ಕಾವಲುಗಾರರ ಹತ್ತಿರ ವಾದ ಮಾಡಿ ಫಲವಿಲ್ಲ.

ಟ್ರೈಪಾಡ್ ಸಿಕ್ಕಿತೆಂದುಕೊಳ್ಳಿ: 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ. ಬೆರಳು ತಾಗಿದ ಕಂಪನ ಅಷ್ಟರಲ್ಲಿ ಅಡಗುತ್ತದೆ. ಶಟರ್ ಲೆನ್ಸಿನೊಳಗೇ ಇರುವ ಎಲೆ ಶಟರ್ ಆದ್ದರಿಂದ, ಎಸ್‌ಎಲ್‌ಆರ್‌ನ ಕನ್ನಡಿ ಬಡಿತದಂಥ ತೊಂದರೆ ಇಲ್ಲ. ಫೋಕಸ್ಸಿಗೆ ಲೆನ್ಸಿನ ಉಂಗುರ ತಿರುಗಿಸಿ, ಪರದೆಯಲ್ಲಿ ಚಿತ್ರ ಹಿಗ್ಗಿಸಿ, ಮೂರ್ತಿಯ ಕಣ್ಣು ಅಥವಾ ಆಭರಣದ ಕೊರೆತದ ಮೇಲೆ ಕೂರಿಸಿ. ಆಟೋಫೋಕಸ್ ನಿಧಾನ, ಆದರೆ ಗೆರೆ ಇರುವ ಕಡೆ ತಪ್ಪುವುದು ಕಡಿಮೆ. ನುಣುಪಾದ ಕಲ್ಲಿನ ಮೇಲೆ ಹುಡುಕುತ್ತಲೇ ಇರುತ್ತದೆ.

ಹೊಯ್ಸಳರ ಬಳಪದ ಕಲ್ಲಿಗೆ ಸೂರ್ಯ ಗೋಡೆಯನ್ನು ಓರೆಯಾಗಿ ಸವರುವ ಹೊತ್ತು ಕಾದುಕೊಳ್ಳಿ. ಎದುರುಬಿಸಿಲು ನೇರ ಬಿದ್ದ ಗೋಡೆಯಲ್ಲಿ ಉಳಿ ನಡೆದ ಗುರುತೇ ಅಳಿಸಿಹೋಗುತ್ತದೆ, ಯಾವ ಸೆನ್ಸರೂ ಅದನ್ನು ಹುಟ್ಟಿಸಿ ಕೊಡಲಾರದು. ಹಳೇಬೀಡಿನ ಗೋಡೆ ಮೂಲೆ ಮೂಲೆಯಾಗಿ ಮಡಿಚಿಕೊಂಡಿರುವುದರಿಂದ ಒಂದು ಮುಖಕ್ಕೆ ನೇರ ಬಿಸಿಲಿದ್ದಾಗ ಪಕ್ಕದ ಮುಖಕ್ಕೆ ಓರೆಬೆಳಕು ಸಿಕ್ಕಿರುತ್ತದೆ. ಒಂದು ಸುತ್ತು ಹಾಕಿ ನೋಡಿ.

ರಾತ್ರಿ ಯಕ್ಷಗಾನದ ಚಿತ್ರ ಐಎಸ್‌ಒ 1600ರಲ್ಲಿ ತೆಗೆದೆ. ಕಪ್ಪು ಜಾಗದಲ್ಲೆಲ್ಲ ಹಸಿರು, ನೇರಳೆ ಮಚ್ಚೆ. ನಾಯ್ಸ್ ರಿಡಕ್ಷನ್ (ಚಿತ್ರದ ಕಾಳು, ಮಚ್ಚೆ ತಗ್ಗಿಸುವ ಸ್ಲೈಡರ್) ಎಷ್ಟು ಎಳೆದರೂ ಹೋಗುತ್ತಿಲ್ಲ. ಯಾವ ಸೆಟಿಂಗ್ ಬದಲಿಸಲಿ?
– ಕುಂದಾಪುರದ ಓದುಗರು

ಕ್ಯಾಮೆರಾ ಬದಲಿಸಿ. ತಮಾಷೆಗೆ ಹೇಳುತ್ತಿಲ್ಲ. ಬಣ್ಣದ ವೇಷ, ಕುಣಿತ, ವಿದ್ಯುತ್ ದೀಪ ಈ ಮೂರೂ ಒಟ್ಟಿಗಿರುವ ಕಡೆ ಮೆರಿಲ್‌ಗೆ ಕೆಲಸವಿಲ್ಲ. ಕಾರಣ ಸೆನ್ಸರಿನ ಒಳಗಿದೆ.

ಸಾಮಾನ್ಯ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು, ನೀಲಿಯಲ್ಲಿ ಯಾವುದಾದರೂ ಒಂದು ಬಣ್ಣದ ಫಿಲ್ಟರ್ ಕೂತಿರುತ್ತದೆ. ಒಂದೊಂದು ಪಿಕ್ಸೆಲ್ ಒಂದೇ ಬಣ್ಣ ಅಳೆದು, ಉಳಿದೆರಡನ್ನು ನೆರೆಯವರನ್ನು ನೋಡಿ ಅಂದಾಜು ಮಾಡುತ್ತದೆ. ಮೆರಿಲ್‌ನ ಫೋವಿಯಾನ್ ಸೆನ್ಸರಿನಲ್ಲಿ ಫಿಲ್ಟರ್ ಇಲ್ಲ. ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಮೈ ಹತ್ತಿರವೇ ಹೀರಿಹೋಗುತ್ತದೆ, ಹಸಿರು ಸ್ವಲ್ಪ ಕೆಳಗೆ, ಕೆಂಪು ಸುಮಾರು 2 ಮೈಕ್ರೋಮೀಟರ್ ಆಳದವರೆಗೂ ಇಳಿಯುತ್ತದೆ. ಈ ಗುಣವನ್ನೇ ಹಿಡಿದು ಒಂದರ ಕೆಳಗೊಂದು ಮೂರು ಪದರ ಇಟ್ಟಿದ್ದಾರೆ. ಪ್ರತಿ ಬಿಂದುವಿನಲ್ಲೂ ಮೂರೂ ಅಳತೆಯಾಗುತ್ತದೆ, ಅಂದಾಜಿಲ್ಲ. ವಿವರದ ಚೂಪಿಗೆ ಇದೇ ಕಾರಣ. ಈ ಕಲ್ಪನೆಯ ಹಿಂದಿದ್ದ ಎಂಜಿನಿಯರ್ ಡಿಕ್ ಮೆರಿಲ್ 2008ರಲ್ಲಿ ತೀರಿಕೊಂಡರು. ಕ್ಯಾಮೆರಾಕ್ಕೆ ಅವರ ಹೆಸರನ್ನೇ ಇಟ್ಟರು.

ಇದರ ಬೆಲೆ ತೆರುವುದು ಬಣ್ಣದಲ್ಲಿ. ಪದರಗಳು ಬಣ್ಣವನ್ನು ಶುದ್ಧವಾಗಿ ಬೇರ್ಪಡಿಸುವುದಿಲ್ಲ. ಮೇಲಿನ ಪದರ ನೀಲಿಯ ಜೊತೆ ಹಸಿರನ್ನೂ ಕೆಂಪನ್ನೂ ಒಂದಷ್ಟು ನುಂಗಿರುತ್ತದೆ. ಸಾಫ್ಟ್‌ವೇರ್ ಒಂದು ಪದರದಿಂದ ಇನ್ನೊಂದನ್ನು ಕಳೆಯುತ್ತಾ ಬಣ್ಣ ಬಿಡಿಸಬೇಕು, ಹಾಗೆ ಕಳೆಯುವಾಗ ಬಣ್ಣ ತೆಳುವಾಗಿ ನಾಯ್ಸ್ ಉಳಿಯುತ್ತದೆ. ಬೆಳಕು ಸಾಕಷ್ಟಿದ್ದರೆ ಗೊತ್ತಾಗುವುದಿಲ್ಲ. ಕಡಿಮೆಯಾದಾಗ ಆ ನಾಯ್ಸ್ ದೊಡ್ಡ ದೊಡ್ಡ ಮಚ್ಚೆಗಳಾಗಿ ಮೇಲೇಳುತ್ತದೆ. ಮಚ್ಚೆ ದೊಡ್ಡದಾದ್ದರಿಂದ ನಾಯ್ಸ್ ರಿಡಕ್ಷನ್ ಅದನ್ನು ಚಿತ್ರದ ಬಣ್ಣವೆಂದೇ ತಿಳಿಯುತ್ತದೆ. ಬಲವಂತ ಮಾಡಿದರೆ ವೇಷದ ಬಣ್ಣವೂ ಜೊತೆಯಲ್ಲೇ ಹೋಗುತ್ತದೆ.

ಹಾಗಾಗಿ ಬಣ್ಣದ ಚಿತ್ರಕ್ಕೆ ಐಎಸ್‌ಒ 100, 200 ನೆಮ್ಮದಿ. 400 ನಡೆಯುತ್ತದೆ, ಎಕ್ಸ್‌ಪೋಶರ್ (ಸೆನ್ಸರಿಗೆ ಸಿಗುವ ಬೆಳಕು) ಕಡಿಮೆಯಾಗಿರಬಾರದು. 800ರಿಂದ ಮೇಲೆ ಕಪ್ಪು ಬಿಳುಪು ಮಾತ್ರ. ನಿಮ್ಮ ಫೈಲುಗಳು ರಾ ಆಗಿದ್ದರೆ ಇನ್ನೂ ಉಳಿಸಿಕೊಳ್ಳಬಹುದು: ಕಂಪನಿಯದೇ ಸಾಫ್ಟ್‌ವೇರ್ ಸಿಗ್ಮಾ ಫೋಟೊ ಪ್ರೊದಲ್ಲಿ ಮೊನೊಕ್ರೋಮ್ (ಕಪ್ಪು ಬಿಳುಪು) ಮೋಡ್ ತೆರೆದು, ಬಣ್ಣದ ಮಿಕ್ಸರನ್ನು ನೀಲಿಯ ಕಡೆಗೆ ತನ್ನಿ. ಬೆಳಕು ಮೊದಲು ಬೀಳುವ ಮೇಲಿನ ಪದರವೇ ಎಲ್ಲಕ್ಕಿಂತ ಶುಭ್ರ. ಮಚ್ಚೆ ಮಾಯವಾಗಿ ಹಳೆಯ ಫಿಲ್ಮಿನಂಥ ಕಾಳು ಉಳಿಯುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ಕೂತ ಕಲಾವಿದರ ಮುಖಕ್ಕೆ ಅದು ಒಪ್ಪುತ್ತದೆ ಕೂಡ.

ಸಿಗ್ಮಾ ಫೋಟೊ ಪ್ರೊ ಬಿಟ್ಟು ಲೈಟ್‌ರೂಮ್‌ನಲ್ಲೇ ತೆರೆಯಬಹುದೇ? ಸಿಗ್ಮಾದ ಸಾಫ್ಟ್‌ವೇರ್ ತುಂಬ ನಿಧಾನ.
– ಬೆಂಗಳೂರಿನ ಓದುಗರು

ಮೆರಿಲ್‌ನ ಎಕ್ಸ್3ಎಫ್ ಫೈಲನ್ನು ಲೈಟ್‌ರೂಮ್ ತೆರೆಯುವುದಿಲ್ಲ. ಸಿಗ್ಮಾ ಫೋಟೊ ಪ್ರೊ ಉಚಿತ, ನಿಧಾನವೂ ಹೌದು. ಅದರಲ್ಲಿ ಪೂರ್ತಿ ಕೆಲಸ ಮುಗಿಸಲು ಹೋಗಬೇಡಿ. ಫೈಲನ್ನು ಹದವಾಗಿ ಬಿಡಿಸಿ ಟಿಫ್ (ವಿವರ ಕಳೆಯದೆ ಉಳಿಸುವ ಚಿತ್ರದ ಫೈಲ್) ಮಾಡಿಕೊಳ್ಳಲಷ್ಟೇ ಬಳಸಿ, ಉಳಿದದ್ದು ನಿಮಗೆ ಒಗ್ಗಿದ ಸಾಫ್ಟ್‌ವೇರಿನಲ್ಲಿ.

ಬಣ್ಣದ ಮೋಡ್ ನ್ಯೂಟ್ರಲ್ ಇಡಿ, ವಿವಿಡ್, ಲ್ಯಾಂಡ್‌ಸ್ಕೇಪ್ ಎರಡೂ ಕೆಂಪು ಹಸಿರುಗಳನ್ನು ಒಡೆದುಹಾಕುತ್ತವೆ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣದ ಹೊಂದಿಕೆ) ಆಟೋ ಬೇಡ, ಒಂದೇ ಜಾಗದ ಎರಡು ಚಿತ್ರಕ್ಕೆ ಎರಡು ಬಣ್ಣ ಬರುತ್ತದೆ. ಬಿಸಿಲಿಗೆ ಸನ್‌ಲೈಟ್, ನೆರಳಿಗೆ ಶೇಡ್ ಎಂದು ಕಟ್ಟಿಹಾಕಿ. ಆಮೇಲೆ ಎಕ್ಸ್‌ಪೋಶರ್. ಬಿಳಿ ಭಾಗ ವಿವರ ಕಳೆದುಕೊಂಡು ಸ್ವಲ್ಪ ಹಾರಿದಂತಿದ್ದರೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ) ಇಳಿಸಿ ನೋಡಿ, ಪರದೆಯ ಹಿಸ್ಟೋಗ್ರಾಮ್ (ಬೆಳಕು ಕತ್ತಲಿನ ಹಂಚಿಕೆಯ ನಕ್ಷೆ) ತೋರಿಸುವುದಕ್ಕಿಂತ ತುಸು ಹೆಚ್ಚೇ ರಾ ಫೈಲಿನಲ್ಲಿರುತ್ತದೆ. ಕತ್ತಲನ್ನು ಎತ್ತುವಾಗ ಮಾತ್ರ ಜಿಪುಣತನ ಇರಲಿ, ಒಂದು ಸ್ಟಾಪಿಗಿಂತ ಹೆಚ್ಚು ಎತ್ತಿದರೆ ಹಸಿರು ಮಚ್ಚೆ ಐಎಸ್‌ಒ 100ರಲ್ಲೂ ಇಣುಕುತ್ತದೆ.

ಎಕ್ಸ್3 ಫಿಲ್ ಲೈಟ್ ಎಂಬ ಸ್ಲೈಡರ್ ಎಲ್ಲರನ್ನೂ ಮರುಳು ಮಾಡುತ್ತದೆ. 0.2, 0.3ರವರೆಗೆ ಚೆಂದ. ಒಂದರ ಹತ್ತಿರ ಹೋದರೆ ಗೋಪುರದ ಅಂಚಿಗೆ ಆಕಾಶದಲ್ಲಿ ಬೆಳ್ಳನೆ ಗೆರೆ ಮೂಡುತ್ತದೆ. ಶಾರ್ಪ್‌ನೆಸ್ ಸೊನ್ನೆಯಲ್ಲಿ ಬಿಟ್ಟರೂ ಹೆಚ್ಚೇ, ಮೈನಸ್ ಒಂದರಿಂದ ಶುರುಮಾಡಿ. ಎಲೆಗಳ ತುದಿ, ತಂತಿಗಳ ಅಂಚು ಗರಗಸದಂತೆ ಕಂಡರೆ ಇನ್ನೂ ಇಳಿಸಿ. ಲ್ಯುಮಿನೆನ್ಸ್ ನಾಯ್ಸ್ (ಬೆಳಕು ಕತ್ತಲಿನ ಕಾಳು) ಕಡಿಮೆ ಮಾಡುವ ಸ್ಲೈಡರನ್ನು ಐಎಸ್‌ಒ 100ರಲ್ಲಿ ಕನಿಷ್ಠದ ಕೊನೆಗೆ ಎಳೆದಿಡಿ. ಕ್ರೋಮಾದ್ದನ್ನು, ಅಂದರೆ ಬಣ್ಣದ ನಾಯ್ಸಿನದನ್ನು, ನಡುವಿನಲ್ಲೇ ಬಿಡಿ.

16 ಬಿಟ್ ಟಿಫ್ ಆಗಿ ಉಳಿಸಿ. ಒಂದೊಂದೂ 88 ಎಂಬಿ ಆಗುತ್ತದೆ, ಡಿಸ್ಕ್ ಜಾಗ ನೋಡಿಕೊಳ್ಳಿ. ಎಲ್ಲ ಚಿತ್ರವನ್ನೂ ಬಿಡಿಸುವ ಬದಲು ಆರಿಸಿದ್ದನ್ನು ಮಾತ್ರ ಬ್ಯಾಚ್‌ಗೆ ಹಾಕಿ ಊಟಕ್ಕೆ ಹೋಗಿ.

ಕತ್ತಲಿನ ವಿವರ ಬೇಕೇಬೇಕೆಂದಿದ್ದರೆ ಸ್ಲೈಡರಿಗಿಂತ ಒಳ್ಳೆ ದಾರಿ ಇದೆ. ಟ್ರೈಪಾಡ್ ಮೇಲೆ ಅದೇ ಎಕ್ಸ್‌ಪೋಶರಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ. ನಾಲ್ಕನ್ನೂ ಒಂದೇ ಸೆಟಿಂಗ್‌ನಲ್ಲಿ ಟಿಫ್ ಮಾಡಿ, ಫೋಟೊಶಾಪ್‌ನಲ್ಲಿ ಲೇಯರ್‌ಗಳಾಗಿ ಜೋಡಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ ಆಯ್ಕೆ ಮಾಡಿ. ನಾಲ್ಕು ಚಿತ್ರದ ಸರಾಸರಿಯಲ್ಲಿ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಒಂಬತ್ತರದ್ದಾದರೆ ಮೂರನೇ ಒಂದಕ್ಕೆ. ಗಾಳಿಗೆ ಆಡುವ ಗಿಡಮರ ಚೌಕಟ್ಟಿನಲ್ಲಿದ್ದರೆ ಈ ಉಪಾಯ ಬೇಡ.

ಇಳಕಲ್ ಸೀರೆಗಳ ಚಿತ್ರ ತೆಗೆದು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಈಗಿನ ಕ್ಯಾಮೆರಾದಲ್ಲಿ ನೇಯ್ಗೆಯ ಮೇಲೆ ಕಾಮನಬಿಲ್ಲಿನಂಥ ಪಟ್ಟಿ ಬರುತ್ತದೆ. ಮೆರಿಲ್‌ನಲ್ಲಿ ಬರುವುದಿಲ್ಲ ಎಂದು ಕೇಳಿದ್ದು ನಿಜವೇ?
– ಬಾಗಲಕೋಟೆ ಜಿಲ್ಲೆಯ ಓದುಗರು

ನಿಜ, ಈ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಕೆಲಸ ಇದು. ಆ ಪಟ್ಟಿ ಹುಟ್ಟುವುದು ಬಣ್ಣವನ್ನು ಅಂದಾಜು ಮಾಡುವಾಗ. ಎಳೆಗಳ ಅಂತರ ಪಿಕ್ಸೆಲ್‌ಗಳ ಅಂತರಕ್ಕೆ ಹತ್ತಿರವಾದಾಗ ಅಂದಾಜು ದಾರಿ ತಪ್ಪುತ್ತದೆ. ಮೆರಿಲ್‌ನಲ್ಲಿ ಅಂದಾಜೇ ಇಲ್ಲವಾದ್ದರಿಂದ ಬಣ್ಣದ ಪಟ್ಟಿ ಬರುವುದಿಲ್ಲ. ಬೆಳಕು ಕತ್ತಲಿನ ಬಣ್ಣವಿಲ್ಲದ ಅಲೆ ಮಾತ್ರ ತೀರಾ ನವಿರಾದ ನೇಯ್ಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಬಹುದು. ಕ್ಯಾಮೆರಾವನ್ನು ಒಂದು ಗೇಣು ಹಿಂದೆ ಮುಂದೆ ಸರಿಸಿದರೆ ಹೋಗುತ್ತದೆ.

ಡಿಪಿ3 ಕೊಳ್ಳಿ. 22.6 ಸೆಂ.ಮೀ. ವರೆಗೆ ಹತ್ತಿರ ಹೋಗಿ, ವಸ್ತುವಿನ ಮೂರನೇ ಒಂದರಷ್ಟು ಗಾತ್ರದಲ್ಲಿ ಸೆನ್ಸರ್ ಮೇಲೆ ಹಿಡಿಯುತ್ತದೆ. ಅಂದರೆ 7 ಸೆಂ.ಮೀ. ಅಗಲದ ಜಾಗ ಇಡೀ ಚೌಕಟ್ಟು ತುಂಬುತ್ತದೆ. ಟೋಪ್ ತೆನಿ ಸೆರಗಿನ ಒಂದು ಗೋಪುರ, ಕಸೂತಿಯ ಒಂದು ಹೂವು ಎಳೆ ಎಳೆಯಾಗಿ ಬರುತ್ತದೆ.

ಬೆಳಕು ಸ್ಟುಡಿಯೊ ಫ್ಲಾಶ್ ಇರಲಿ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಸೀರೆಯ ಕೆಂಪು ಎಲ್ಲ ಕ್ಯಾಮೆರಾದಲ್ಲೂ ಕೆಡುತ್ತದೆ, ಇದರಲ್ಲಿ ಇನ್ನೂ ಬೇಗ. ಹಾಟ್‌ಶೂಗೆ (ಕ್ಯಾಮೆರಾ ಮೇಲೆ ಫ್ಲಾಶ್ ಕೂರಿಸುವ ಜಾಗ) ಫ್ಲಾಶ್ ಹಾರಿಸುವ ಟ್ರಿಗರ್ ಹಾಕಿ, ಐಎಸ್‌ಒ 100, ಎಫ್/5.6, 1/125. ಮೊದಲ ಚಿತ್ರದಲ್ಲಿ ಸೀರೆಯ ಪಕ್ಕ ಬೂದು ಕಾರ್ಡ್ ಇಟ್ಟು ತೆಗೆಯಿರಿ, ಅದರಿಂದ ಪಡೆದ ವೈಟ್ ಬ್ಯಾಲೆನ್ಸನ್ನೇ ಉಳಿದ ಎಲ್ಲಕ್ಕೂ ಹಾಕಿ. ಬಣ್ಣ ಬೇರೆ ಬಂದಿದೆಯೆಂದು ಸೀರೆ ವಾಪಸ್ ಬರುವುದು ಇದರಿಂದ ಕಡಿಮೆಯಾದೀತು.

ಬ್ಯಾಟರಿ ಅರ್ಧ ದಿನವೂ ಬರುತ್ತಿಲ್ಲ.
– ಶಿರಸಿಯ ಓದುಗರು

ಬರುವುದಿಲ್ಲ. ಕಂಪನಿಯೇ ಹೇಳುವುದು ಒಂದು ಚಾರ್ಜಿಗೆ 97 ಚಿತ್ರ. ಅದಕ್ಕೇ ಹೊಸ ಡಬ್ಬದಲ್ಲಿ ಎರಡು ಬ್ಯಾಟರಿ ಇಟ್ಟು ಮಾರುತ್ತಿದ್ದರು. ಬಿಪಿ-41 ಸಿಗದಿದ್ದರೆ ರಿಕೋ ಜಿಆರ್‌ನ ಹಳೆಯ ಮಾದರಿಗಳ ಡಿಬಿ-65 ಹೊಂದುತ್ತದೆ. ನಾಲ್ಕು ಇಟ್ಟುಕೊಳ್ಳಿ. ತೆಗೆದ ಚಿತ್ರವನ್ನು ಪರದೆಯಲ್ಲಿ ಪದೇ ಪದೇ ನೋಡುವ ಅಭ್ಯಾಸ ಬಿಟ್ಟರೆ ಇನ್ನೊಂದಿಷ್ಟು ಸಿಗುತ್ತದೆ.

ಇದು 46 ಮೆಗಾಪಿಕ್ಸೆಲ್ಲೋ 15 ಮೆಗಾಪಿಕ್ಸೆಲ್ಲೋ? ಎಷ್ಟು ದೊಡ್ಡ ಪ್ರಿಂಟ್ ತೆಗೆಸಬಹುದು?
– ಧಾರವಾಡದ ಓದುಗರು

4800 × 3200 ಬಿಂದು, ಒಂದೊಂದರಲ್ಲಿ ಮೂರು ಪದರ. ಮೂರನ್ನೂ ಎಣಿಸಿದರೆ 46, ಅದು ಜಾಹೀರಾತಿನ ಲೆಕ್ಕ. ಕೈಗೆ ಸಿಗುವ ಚಿತ್ರ 4704 × 3136, ಹದಿನೈದಕ್ಕೂ ಕೊಂಚ ಕಡಿಮೆ. 300 ಡಿಪಿಐನಲ್ಲಿ 15.7 × 10.5 ಅಂಗುಲ ಬರುತ್ತದೆ. ಆದರೆ ಈ ಫೈಲು ಹಿಗ್ಗುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಅಂಚುಗಳು ಮೊದಲೇ ಶುದ್ಧವಾಗಿರುವುದೇ ಕಾರಣ. 24 × 16 ಅಂಗುಲಕ್ಕೆ ಹಿಂಜರಿಯಬೇಕಿಲ್ಲ. ಹಿಗ್ಗಿಸಿದ ಮೇಲೆ ಶಾರ್ಪ್ ಮಾಡಿ, ಮೊದಲಲ್ಲ.

ಸೂರ್ಯಾಸ್ತದ ಚಿತ್ರದಲ್ಲಿ ಸೂರ್ಯನ ಸುತ್ತ ಹಸಿರು, ಕೆಂಪು ಚುಕ್ಕೆಗಳ ಜಾಲರಿ. ಜೊತೆಗೆ, ಜಲಪಾತಕ್ಕೆ ಯಾವ ಫಿಲ್ಟರ್ ಬೇಕು?
– ಸಾಗರದ ಓದುಗರು

ಆ ಚುಕ್ಕೆಗಳು ಮೂಡಿದ್ದು ಸೆನ್ಸರ್ ಮತ್ತು ಲೆನ್ಸಿನ ನಡುವೆ ಬೆಳಕು ಹಿಂದೆ ಮುಂದೆ ಪುಟಿದದ್ದರಿಂದ. ಲೆನ್ಸ್ ಮುಚ್ಚಿದಷ್ಟೂ ಸ್ಪಷ್ಟವಾಗಿ ಕಾಣುತ್ತದೆ. ಎಫ್/4ಕ್ಕೆ ತೆರೆಯಿರಿ, ಯುವಿ ಫಿಲ್ಟರ್ ಇದ್ದರೆ ಕಳಚಿ, ಸಾಧ್ಯವಾದರೆ ಸೂರ್ಯನನ್ನು ಮರದ ಹಿಂದೆ ಮರೆಮಾಡಿ. ಸಾಫ್ಟ್‌ವೇರಿನಲ್ಲಿ ಅಳಿಸುವುದು ತಲೆನೋವು.

ಜಲಪಾತಕ್ಕೆ: ಡಿಪಿ1, ಡಿಪಿ2ಕ್ಕೆ 49 ಮಿ.ಮೀ. ಫಿಲ್ಟರ್, ಡಿಪಿ3ಕ್ಕೆ 52. ಮಳೆಗಾಲದ ಮೋಡದಲ್ಲಿ ಐಎಸ್‌ಒ 100, ಎಫ್/8ರಲ್ಲಿ 1/60 ಸಿಕ್ಕಿತೆನ್ನಿ. 6 ಸ್ಟಾಪಿನ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್) ಹಾಕಿದರೆ ಅದು ಒಂದು ಸೆಕೆಂಡ್ ಆಗುತ್ತದೆ, ನೀರು ಹಾಲಿನಂತೆ ಇಳಿಯಲು ಅಷ್ಟು ಸಾಕು. 30 ಸೆಕೆಂಡಿಗಿಂತ ಹೆಚ್ಚು ಶಟರ್ ತೆರೆದಿಡಲು ಈ ಕ್ಯಾಮೆರಾದಲ್ಲಿ ಬರುವುದಿಲ್ಲ, 10 ಸ್ಟಾಪಿನ ಫಿಲ್ಟರಿಗೆ ದುಡ್ಡು ಹಾಕುವ ಮುಂಚೆ ಇದು ನೆನಪಿರಲಿ. ಒದ್ದೆ ಒರೆಸಲು ಎರಡು ಬಟ್ಟೆ ಇರಲಿ. ಈ ಕ್ಯಾಮೆರಾ ತುಂತುರಿಗೆ ತಡೆಯುವಂಥದ್ದಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳಬೇಕು. ಮೆರಿಲ್ ಒಳ್ಳೆಯದೋ, ಆಮೇಲೆ ಬಂದ ಕ್ವಾಟ್ರೊ ಒಳ್ಳೆಯದೋ? ಕೊಳ್ಳುವಾಗ ಏನು ನೋಡಬೇಕು?
– ಜರ್ಮನಿಯಲ್ಲಿರುವ ಕನ್ನಡಿಗ ಓದುಗರು

2014ರ ಡಿಪಿ2 ಕ್ವಾಟ್ರೊದಲ್ಲಿ ಮೇಲಿನ ಪದರಕ್ಕೆ 19.6 ಮೆಗಾಪಿಕ್ಸೆಲ್, ಕೆಳಗಿನ ಎರಡಕ್ಕೆ 4.9ರಂತೆ. ವಿವರವನ್ನು ಮೇಲಿನ ಪದರ ಕೊಡುತ್ತದೆ, ಕೆಳಗಿನವು ಬಣ್ಣ ತುಂಬುತ್ತವೆ. ಫೈಲ್ ಬೇಗ ಬರೆಯುತ್ತದೆ, ಬ್ಯಾಟರಿ ಎರಡರಷ್ಟು ಬರುತ್ತದೆ, ಐಎಸ್‌ಒ 400 ಹೆಚ್ಚು ಶುಭ್ರ. ಆದರೆ ಕಲ್ಲು, ತೊಗಟೆ, ಬಟ್ಟೆಯ ಮೈಯನ್ನು ತೋರಿಸುವುದರಲ್ಲಿ ನಮ್ಮ ಮತ ಇನ್ನೂ ಮೆರಿಲ್‌ಗೇ. ಜನರ ಚಿತ್ರ, ಪ್ರವಾಸ ಎಂದರೆ ಕ್ವಾಟ್ರೊ ತೆಗೆದುಕೊಳ್ಳಿ. ಅದರ ಉದ್ದನೆಯ ಮೈ ಜೇಬಿಗೆ ಹೋಗುವುದಿಲ್ಲ ಅಷ್ಟೆ.

ಕೊಳ್ಳುವಾಗ ಮಾರುವವರಿಂದ ಜೆಪೆಗ್ ಅಲ್ಲ, ಎಕ್ಸ್3ಎಫ್ ಫೈಲುಗಳನ್ನೇ ತರಿಸಿಕೊಳ್ಳಿ. ಒಂದು, ಬಿಳಿ ಗೋಡೆಯದ್ದು ಎಫ್/16ರಲ್ಲಿ. ಧೂಳಿದ್ದರೆ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಲೆನ್ಸ್ ಬಿಚ್ಚಲಾಗದ್ದರಿಂದ ಸೆನ್ಸರ್ ಮೇಲಿನ ಧೂಳನ್ನು ಮನೆಯಲ್ಲಿ ತೆಗೆಯಲು ಸಾಧ್ಯವಿಲ್ಲ. ಇನ್ನೊಂದು, ಇಟ್ಟಿಗೆ ಗೋಡೆಯನ್ನು ನೇರ ಎದುರಿನಿಂದ ಎಫ್/2.8ರಲ್ಲಿ. ನಾಲ್ಕು ಮೂಲೆಗಳೂ ಒಂದೇ ಹದದಲ್ಲಿ ಚೂಪಿರಬೇಕು. ಒಂದು ಬದಿ ಮಾತ್ರ ಮಸುಕಾಗಿದ್ದರೆ ಲೆನ್ಸ್ ಓರೆಯಾಗಿದೆ, ಕ್ಯಾಮೆರಾ ಎಲ್ಲೋ ಬಿದ್ದಿರಬಹುದು. ಡಿಪಿ1 ಆದರೆ ಅದೇ ಬಿಳಿ ಗೋಡೆಯಲ್ಲಿ ಎಡಬಲದ ಅಂಚುಗಳಿಗೆ ಹಸಿರು ಅಥವಾ ಕೆಂಪು ಛಾಯೆ ಎಷ್ಟಿದೆ ಎಂದೂ ನೋಡಿ. ಸ್ವಲ್ಪ ಇದ್ದೇ ಇರುತ್ತದೆ. ಕಣ್ಣಿಗೆ ರಾಚುವಷ್ಟಿದ್ದರೆ ಬೇರೆಯದನ್ನು ಹುಡುಕಿ.

ಕೈಗೆ ಬಂದ ಮೇಲೆ ಏಳು ಚಿತ್ರ ಒಂದೇ ಏಟಿಗೆ ತೆಗೆಯಿರಿ, ಬಫರ್ (ಕಾರ್ಡಿಗೆ ಹೋಗುವ ಮುನ್ನ ಚಿತ್ರ ತಂಗುವ ಮೆಮೊರಿ) ಹಿಡಿಯುವುದು ಅಷ್ಟೇ. ಕಾರ್ಡಿಗೆ ಎಲ್ಲ ಬರೆದು ಮುಗಿಯುವ ತನಕ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದೂವರೆ ನಿಮಿಷ ಆದರೂ ಗಾಬರಿ ಬೇಡ, ಅದು ಕೆಟ್ಟಿಲ್ಲ. ದೀಪ ಆರುವ ಮೊದಲು ಬ್ಯಾಟರಿ ತೆಗೆದರೆ ಮಾತ್ರ ಚಿತ್ರಗಳು ಹೋದಂತೆ.